ಹೆಜ್ಜೇನಿನ ಸಹ-ಸಂಶೋಧಕ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಎಸಿ ರಿಪೇರಿ ಮಾಡಿಕೊಂಡಿದ್ದ ನನ್ನನ್ನು ವಿಶ್ವವಿದ್ಯಾಲಯವೊಂದು ಸಂಶೋಧಕನನ್ನಾಗಿ ಮಾಡಿತು. ತಪ್ಪು ನನ್ನದಲ್ಲ, ಕೇಳಿದವರು ಅವರು. ಒಪ್ಪಿಕೊಂಡವನು ಮಾತ್ರ ನಾನು!

ಚಂದಾಪುರದಾಚೆ, ಕಾಡಿನಂಚಿನಲ್ಲಿ ಜೇನು ಕೊಯ್ಯುವ ಬುಡಕಟ್ಟಾದ ನಮ್ಮ ಇರುಳಿಗರ ಕಾಲೋನಿಗೆ ಪ್ರೊಫೆಸರ್ ಮೇಡಂ ಒಬ್ಬರು ಬಂದರು. ಅವರ ಕ್ಯಾಂಪಸ್ಸಿನ ಗಾಜಿನ ಕಟ್ಟಡಕ್ಕೆ ಪ್ರತಿವರ್ಷ ಹೆಜ್ಜೇನು ಕಟ್ಟುತ್ತದಂತೆ, ಯಾರೋ ಬಂದು ವಿಷ ಹೊಡೆದು ಸಾಯಿಸುತ್ತಾರಂತೆ.

“ಇನ್ಮೇಲೆ ವಿಷ ಬೇಡ. ನಿಮ್ಮ ಜ್ಞಾನ, ನಮ್ಮ ವಿಧಾನ, ಸಮಪಾಲು! ಒಂದ್ಸಲ ಮಾಡಿ ತೋರ್ಸಿ, ಆಮೇಲೆ ಈ ಕೆಲ್ಸ ವರ್ಷಾವರ್ಷ ನಿಮ್ಮ ಕಾಲೋನಿಗೇ. ಸಹ-ಸಂಶೋಧಕರು ಯಾರಾಗ್ತೀರಾ?”

ಕೆಲಸ ಎಂದೊಡನೆ ಎಲ್ಲರ ಮುಖ ಅರಳಿತು. ಜೇನು ಕೊಯ್ಯುವುದರಲ್ಲಿ ಪಳಗಿದವನು ನನ್ನ ಭಾಮೈದ ಮುನಿಯ. ಅವನು ಏಳುವಷ್ಟರಲ್ಲಿ ನಾನು ಕೈ ಎತ್ತಿಯಾಗಿತ್ತು. “ನಾನು ಮೇಡಂ! ನಮ್ ರಕ್ತದಲ್ಲೇ ಬಂದಿದೆ!” ಅಲ್ಲಿಯವರೆಗೆ ನಾನು ಮುಟ್ಟಿದ್ದು ಬಾಟಲಿಯ ಜೇನನ್ನು ಮಾತ್ರ.

ಮನೆಯಲ್ಲಿ ಹೆಂಡತಿ ಶಿವಿ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು.

“ಮುನಿಯನ್ನ ಕರ್ಕೊಂಡೋಗು.”

“ಅವ್ನಿಗೆ ಇಂಗ್ಲಿಷ್ ಬರಲ್ಲ ಕಣೇ.”

“ಎಜ್ಜೇನಿಗೆ ಬತ್ತದಾ? ಓಗ್ಲಿ, ಕತ್ತಲಾದ್ಮೇಲಾದ್ರೂ ಓಗು. ಅಗಲೊತ್ತು ಎಬ್ಬಿಸಿದ್ರೆ ಅಟ್ಟಾಡಿಸ್ಕೊಂಡು ಕಚ್ತಾವೆ.”

ಇದನ್ನು ಮೇಡಂಗೆ ಅರಿಕೆ ಮಾಡಿಕೊಂಡೆ. “ಕತ್ತಲಲ್ಲಿ ವಿಡಿಯೋ ಬರಲ್ವಲ್ಲ! ಕುಲಪತಿಗಳು ಬೆಳಿಗ್ಗೆ ಫ್ರೀ ಇದಾರೆ,” ಎಂದರು. ತಲೆತಲಾಂತರದ ಪದ್ಧತಿಗಿಂತ ಕುಲಪತಿಗಳ ಬಿಡುವು ದೊಡ್ಡದೆಂದು, ಸಹ-ಸಂಶೋಧಕನ ಅಧಿಕಾರದಿಂದ ನಾನೂ ಅನುಮೋದಿಸಿದೆ.

ಆ ದಿನ ನನ್ನ ಕೊರಳಿಗೆ ಐಡಿ ಕಾರ್ಡು ಬಿತ್ತು. ಹೆಗಲಿಗೊಂದು ಕಂಬಳಿಯನ್ನೂ ಹೊದಿಸಿದರು, ಬುಡಕಟ್ಟಿನವನ ಹಾಗೆ ಕಾಣಲಿ ಎಂದು! ಮೂರನೇ ಮಹಡಿಯ ಬಾಲ್ಕನಿಯಲ್ಲಿ ಹಸಿ ಸೊಪ್ಪಿಗೆ ಬೆಂಕಿ ಕೊಟ್ಟೆ. ಹೊಗೆ ಗೂಡಿನ ಕಡೆ ಹೋಗಬೇಕಿತ್ತು. ತರಗತಿಯೊಳಕ್ಕೆ ಹೋಯಿತು. ಫೈರ್ ಅಲಾರಂ ಬಡಿದುಕೊಂಡಿತು. ಇಡೀ ಕಟ್ಟಡದ ಜನ ಶಿಸ್ತಾಗಿ ಹೊರಗೆ ಬಂದು ಹುಲ್ಲುಹಾಸಿನ ಮೇಲೆ ಸಾಲಾಗಿ ನಿಂತರು. ಸರಿಯಾಗಿ ಗೂಡಿನ ಕೆಳಗೇ!

ಅಷ್ಟು ಗದ್ದಲಕ್ಕೆ ಹೆಜ್ಜೇನು ಎದ್ದಿತು.

ಮೊದಲು ಓಡಿದವನು ಪರಿಣತನಾದ ನಾನೇ. ಹೊದ್ದುಕೊಳ್ಳಬೇಕಿದ್ದ ಕಂಬಳಿಯನ್ನು ಬಿಸಾಕಿ, ಮೆಟ್ಟಿಲಿಳಿದು, ತಾವರೆ ಕೊಳಕ್ಕೆ ಹಾರಿದೆ. ಹಿಂದೆಯೇ ಕುಲಪತಿಗಳು ಕೋಟು ಸಮೇತ ಬಿದ್ದರು. ಕುತ್ತಿಗೆಮಟ್ಟ ಪಾಚಿ ನೀರಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದೆವು. ಇಡೀ ಸಂಶೋಧನೆಯಲ್ಲಿ ಸಮಪಾಲು ಸಿಕ್ಕಿದ್ದು ಅಲ್ಲೊಂದೇ ಕಡೆ.

ಮಾರನೆಯ ದಿನ ವಿಷ ಹೊಡೆಯುವವರು ಬಂದರು. ಕಾಲೋನಿಗೆ ಬರಬೇಕಿದ್ದ ಕೆಲಸ ಹಾಳಾಗಿ ಹೋಯಿತು. ಮುನಿಯ ಹಗ್ಗ ಹೆಗಲಿಗೇರಿಸಿ ಎಂದಿನಂತೆ ಕಾಡಿಗೆ ಹೊರಟ.

ಮುಖದ ಊತ ಇಳಿದು ಎಷ್ಟೋ ದಿನದ ಮೇಲೆ ಮೇಡಂ ಫೋನ್ ಮಾಡಿದರು. ಏನು ಸಂಭ್ರಮ ಅಂತೀರಿ! “ನಮ್ಮ ಪೇಪರ್ ಅಚ್ಚಾಯ್ತು ಕಣ್ರೀ! ನಿಮ್ ಹೆಸ್ರೂ ಇದೆ!”

“ಏನಂತ ಬರ್ದಿದೀರಾ ಮೇಡಂ?”

“ನಿಮ್ಮ ಸಮುದಾಯದಲ್ಲಿ ಜೇನಿನ ಜ್ಞಾನ ಪೂರ್ತಿ ನಶಿಸಿಹೋಗಿದೆ ಅಂತ!”

ಆಧಾರ ಯಾರು? ನಾನು! ಒಬ್ಬ ಎಸಿ ಮೆಕ್ಯಾನಿಕ್ಕನನ್ನು ನೋಡಿ ಇಡೀ ಕುಲವನ್ನು ಅಳೆದ ಆ ಪಾಂಡಿತ್ಯಕ್ಕೆ ದೊಡ್ಡ ನಮಸ್ಕಾರ. ಅಳತೆಗೋಲಾಗಿ ನಿಂತ ನನಗೆ ಇನ್ನೂ ದೊಡ್ಡದು.

ಆ ಹೊತ್ತಿಗೆ ನಾನು ಮುನಿಯ ತಂದ ಹೊಸ ಜೇನಿಗೆ ರೊಟ್ಟಿ ಅದ್ದುತ್ತಿದ್ದೆ. ವಿಷಯ ಕೇಳಿದ ಶಿವಿ ಬಟ್ಟಲನ್ನೇ ಎಳೆದುಕೊಂಡಳು. “ಗ್ಯಾನವೇ ಸತ್ತೋಗದೆ ಅಂತ ಬರೆಸ್ಬುಟ್ಟು ಬಂದಿದ್ದೀಯ. ಜೇನೆಲ್ಲಿಂದ ಬತ್ತದೆ? ಎದ್ದೋಗು!”

ಈಗ ನನ್ನ ಜೇನು ಸೂಪರ್ ಮಾರ್ಕೆಟ್ಟಿನದು. ಲೇಬಲ್ಲಿನ ಮೇಲೆ ‘ಬುಡಕಟ್ಟು ಜನರ ಅಪ್ಪಟ ಜೇನು’ ಎಂದಿದೆ, ಒಳಗಿರುವುದು ಬೆಲ್ಲದ ಪಾಕ. ಥೇಟ್ ನನ್ನ ಹಾಗೇ!