ಗಂಗರಾಜು ಬರೆದ ಗೇಟು

ಚಿಂತಾಮಣಿಯ ನಿವೃತ್ತ ಸರ್ವೇಯರ್ ಗಂಗರಾಜು ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ತಮ್ಮ ಮೊಬೈಲಿನ ಮೇಲೆ ಪರಕೀಯರ ಆಳ್ವಿಕೆ ಅಂದಿಗೆ ಮುಗಿಯಿತೆಂದು ಘೋಷಿಸಿದರು. ಕಾರಣ ಸಣ್ಣದಲ್ಲ. ಹಿಂದಿನ ಸಂಜೆ ಅವರ ಹೆಂಡತಿ ಕಲ್ಯಾಣಿ ತಂಗಿಯೊಂದಿಗೆ ಫೋನಿನಲ್ಲಿ ಮಾತಾಡುತ್ತಾ, ಗಂಡನ ಗೊರಕೆಗೆ ಕಿಟಕಿ ಗಾಜು ಅದುರುತ್ತದೆ ಎಂದಿದ್ದರು. ಬೆಳಿಗ್ಗೆ ಮೊಬೈಲ್ ತೆರೆದರೆ ಮೂಗಿಗೆ ಅಂಟಿಸಿಕೊಂಡರೆ ಗೊರಕೆ ನಿಲ್ಲಿಸುವ ಪಟ್ಟಿಯ ಜಾಹೀರಾತು ಕಾದು ಕೂತಿತ್ತು, ಹಬ್ಬದ ರಿಯಾಯಿತಿಯ ಸಮೇತ.

"ನಾನು ಗೊರಕೆ ಹೊಡೆಯೋದು ಅಮೆರಿಕದೋರಿಗೆ ಗೊತ್ತಾಗಿದೆ ಕಣೇ."

"ಎದುರು ಮನೆಯೋರಿಗೆ ಯಾವತ್ತೋ ಗೊತ್ತು. ಅಮೆರಿಕದೋರೇ ಲೇಟು."

"ಇನ್ಮೇಲೆ ಈ ಮನೇಲಿ ಕಂಪನಿ ಆ್ಯಪ್ ಇರಕೂಡದು. ಎಲ್ಲಾ ಓಪನ್ ಸೋರ್ಸು. ಒಳಗೇನಿದೆ ಅಂತ ಯಾರು ಬೇಕಾದ್ರೂ ತೆಗೆದು ನೋಡ್ಬಹುದು, ತಿದ್ದಬಹುದು. ಚಾಡಿ ಹೇಳೋ ಬುದ್ಧಿ ಇಲ್ಲ."

"ತೆಗೆದು ನೋಡಿದ್ರೆ ನಿಮಗೇನು ಅರ್ಥ ಆಗುತ್ತೆ?"

"ಅರ್ಥ ಆಗೋದು ಬೇರೆ. ನೋಡೋ ಹಕ್ಕು ಬೇರೆ."

ಸಂಜೆಯೊಳಗೆ ಕ್ರಾಂತಿ ಮುಗಿಯಿತು. ಹಳೆಯ ಕೀಬೋರ್ಡು 'ಚೆ' ಎನ್ನುವಷ್ಟರಲ್ಲಿ 'ಚೆನ್ನಾಗಿದ್ದೀರಾ' ಎಂದು ಮುಗಿಸಿಕೊಡುತ್ತಿತ್ತು. ಹೊಸದಕ್ಕೆ ಯಜಮಾನರ ಮನಸ್ಸಿನೊಳಗೆ ಇಣುಕುವ ಚಾಳಿ ಇಲ್ಲದ್ದರಿಂದ ಪ್ರತಿ ಒತ್ತಕ್ಷರವನ್ನೂ ಅವರೇ ಕಟ್ಟಬೇಕಾಯಿತು. ಹೊಸ ಮೆಸೇಜ್ ಆ್ಯಪಿನಲ್ಲಿ ಅವರ ಗುಟ್ಟುಗಳು ಭದ್ರವಾಗಿದ್ದವು. ಪರಿಚಯದವರು ಒಬ್ಬರೂ ಅದರಲ್ಲಿ ಇರಲಿಲ್ಲ. ಹಣ ಕಳಿಸುವ ಆ್ಯಪ್ ಒಂದೇ ಉಳಿದದ್ದು. ಹಾಲಿನವನು ಹಕ್ಕಿನ ಮಾತು ಕೇಳುವುದಿಲ್ಲ ಎಂದು ಕಲ್ಯಾಣಿ ತೀರ್ಪು ಕೊಟ್ಟಿದ್ದರು.

ಆದರೆ ಗಂಗರಾಜು ನಿಜವಾಗಿ ಮನಸೋತದ್ದು ಹೊಸ ಮ್ಯಾಪಿಗೆ. ಅದರ ನಕ್ಷೆಯನ್ನು ಊರೂರಿನ ಜನರೇ ಬರೆಯುತ್ತಿದ್ದರು. ಅವರ ಹೊಸ ಬಡಾವಣೆಯನ್ನು ಮಾತ್ರ ಯಾರೂ ಬರೆದಿರಲಿಲ್ಲ. ಸರ್ವೇಯರ್‌ಗೆ ಖಾಲಿ ನಕ್ಷೆ ತೋರಿಸುವುದೂ ಹಸಿದವನಿಗೆ ಎಲೆ ಹಾಕುವುದೂ ಒಂದೇ. ಅವರು ಟೇಪು ಹಿಡಿದು ಬೀದಿಬೀದಿ ಅಳೆದರು. ರಸ್ತೆ, ಮನೆ ಹಿಂದಿನ ರಾಜಕಾಲುವೆ, ನೀರಿನ ಟ್ಯಾಂಕು, ಕೊನೆಗೆ ತಮ್ಮ ಮನೆ, ಎಲ್ಲವನ್ನೂ ಇದ್ದಲ್ಲೇ ಇದ್ದಂತೆ ಬರೆದರು. ಸರ್ವಿಸಿನಲ್ಲಿ ಯಾರ ಮುಲಾಜಿಗೂ ಒಂದು ಗೆರೆ ಬಾಗಿಸದ ಕೈ ಅದು.

ಆ ಕೈ ಬಾಗಿದ್ದು ಟೊಮೆಟೊ ಲಾರಿಗಳಿಗೆ. ಮಾರ್ಕೆಟ್ಟಿನ ಲಾರಿಗಳು ಮೇನ್ ರೋಡಿನ ಜನಜಂಗುಳಿ ತಪ್ಪಿಸಲು ಇವರ ಬೀದಿಯಲ್ಲೇ ನುಗ್ಗುತ್ತಿದ್ದವು. ಗಂಗರಾಜು ನಾಲ್ಕು ಸಲ ಯೋಚಿಸಿ, ಬೀದಿಯ ಬಾಯಿಗೆ ನಕ್ಷೆಯಲ್ಲಿ ಒಂದು ಗೇಟು ಬರೆದು 'ಖಾಸಗಿ ರಸ್ತೆ' ಎಂದು ಗುರುತು ಹಾಕಿದರು. ಕಲ್ಯಾಣಿಗೆ ಹೇಳಲಿಲ್ಲ. ಲಾರಿಗಳು ಮಾತ್ರ ಬರುತ್ತಲೇ ಇದ್ದವು, ಏಕೆಂದರೆ ಡ್ರೈವರುಗಳು ಇನ್ನೂ ಕಂಪನಿ ಮ್ಯಾಪಿನ ಗುಲಾಮರಾಗಿದ್ದರು.

ತಿಂಗಳಿಗೊಮ್ಮೆ ಫೋನಿಗೆ ಬರುವ ಹೊಸ ನಕ್ಷೆಯಲ್ಲಿ ಆ ಗೇಟು ಮೂಡಿದ ವಾರವೇ ಕಲ್ಯಾಣಿ ದೊಡ್ಡದೊಂದು ಕೆಲಸ ಸಾಧಿಸಿದರು. ತೊಂಡೇಬಾವಿಯಲ್ಲಿರುವ ಗಂಗರಾಜು ಅವರ ಅಕ್ಕ ಪೆದ್ದಮ್ಮ ಊಟಕ್ಕೆ ಬರಲು ಒಪ್ಪಿದರು. ಹಿಂದೊಮ್ಮೆ ಪೆದ್ದಮ್ಮನ ಹೊಲಕ್ಕೂ ಪಕ್ಕದ ಹೊಲಕ್ಕೂ ಗಡಿ ತಕರಾರು ಬಂದಾಗ, ಎರಡೂ ಕಡೆಯವರು ಒಪ್ಪಿ ಗಂಗರಾಜು ಕೈಲೇ ಅಳೆಸಿದ್ದರು. ಪೆದ್ದಮ್ಮನ ಹುಣಸೆಮರ ಒಂದು ಗೇಣಿನ ಅಂತರದಲ್ಲಿ ಪಕ್ಕದವರ ಪಾಲಾಯಿತು. "ಗೆರೇನ ಒಂದು ಗೇಣು ಆ ಕಡೆ ಎಳಿಯೋ" ಎಂದಿದ್ದರು ಅಕ್ಕ. "ನಕ್ಷೇಲಿ ಸುಳ್ಳು ಬರೆಯೋ ಕೈಯಲ್ಲ ಅಕ್ಕ ಇದು" ಎಂದಿದ್ದರು ತಮ್ಮ. ಅಂದಿನಿಂದ ಪೆದ್ದಮ್ಮ ತಮ್ಮನ ಹೊಸಿಲು ತುಳಿದಿರಲಿಲ್ಲ. ಹೊಸ ಮನೆಯನ್ನು ಕಣ್ಣಿನಿಂದಲೂ ನೋಡಿರಲಿಲ್ಲ.

"ಈ ಸಲ ತಪ್ಪಿದ್ರೆ ಅಕ್ಕ ಇನ್ನು ಬರಲ್ಲ," ಎಂದರು ಕಲ್ಯಾಣಿ. "ಅಡುಗೆ ನಂದು, ಮಾತು ನಂದು. ನೀವು ಏನೂ ಮಾಡ್ಬೇಡಿ."

"ದಾರಿ ಮಾತ್ರ ಕಳಿಸ್ತೀನಿ."

ಪೆದ್ದಮ್ಮನ ಮಗ ಸಿದ್ಧಾರ್ಥ್ ವಿಧೇಯ ಹುಡುಗ. ಸೋದರಮಾವ ಹೇಳಿದರೆಂದು ತನ್ನ ಫೋನಿನ ಕಂಪನಿ ಮ್ಯಾಪನ್ನು ಕಿತ್ತೆಸೆದು, ಹೊಸದನ್ನು ಹಾಕಿಕೊಂಡು ಭಾನುವಾರ ಹೊರಟ. ಶಿಡ್ಲಘಟ್ಟ ದಾಟಿದ್ದೇವೆಂದು ಫೋನು ಬಂದಾಗ ಕಲ್ಯಾಣಿ ಹಿತಕಿದ ಬೇಳೆ ಸಾರಿಗೆ ಒಗ್ಗರಣೆ ಹಾಕಿದರು. ಮುದ್ದೆ ಕಟ್ಟಿದ್ದಾಯಿತು. ಮುದ್ದೆ ಆರಿದ್ದೂ ಆಯಿತು. ಕಾರು ಬರಲಿಲ್ಲ. ಗಂಗರಾಜು ಫೋನು ಮಾಡಿ ಸ್ಪೀಕರ್ ಹಾಕಿದರು.

"ಎಲ್ಲಿದೀಯಪ್ಪ ಸಿದ್ಧಾರ್ಥ?"

"ನಿಮ್ಮನೆ ಹಿಂದೇನೇ ಮಾವ. ಮಧ್ಯ ಕಾಲುವೆ ಇದೆ. ಅತ್ತೆ ಒಗ್ಗರಣೆ ವಾಸನೆ ಇಲ್ಲಿಗೇ ಬರ್ತಿದೆ."

"ಮುಂದುಗಡೆಯಿಂದ ಬಾರಪ್ಪ."

"ಮುಂದೆ ದಾರಿ ಇಲ್ಲ ಅಂತಿದೆ ಮಾವ ಮ್ಯಾಪು. ಗೇಟ್ ಹಾಕಿ ಮುಚ್ಚಿದಾರಂತೆ."

ಕಲ್ಯಾಣಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. "ಯಾವ ಗೇಟು?"

ಅಷ್ಟರಲ್ಲಿ ಫೋನಿನಲ್ಲಿ ಪೆದ್ದಮ್ಮನ ದನಿ ಕೇಳಿಸಿತು. "ಏಮ್ರಾ ಗಂಗ, ನಾನು ಬರ್ತೀನಿ ಅಂತ ಗೊತ್ತಾಗಿ ಬೀದಿಗೇ ಗೇಟ್ ಹಾಕ್ಸಿದೀಯಾ? ಸಿದ್ಧಾರ್ಥ, ತಿರುಗ್ಸೋ ಕಾರು. ಊಟ ಗೌರಿಬಿದನೂರು ಹೋಟ್ಲಲ್ಲಿ ಮಾಡಣ."

"ಅಕ್ಕ, ಅಕ್ಕ, ಗೇಟಿಲ್ಲ. ಅದು ಬರೀ ನಕ್ಷೇಲಿ ಇರೋದು."

"ನಕ್ಷೇಲಿ ಯಾಕಿದೆ?"

ಸರ್ವೇಯರ್‌ಗೆ ಬೇರೆ ಗೆರೆ ಸಿಗಲಿಲ್ಲ. "ನಾನೇ ಬರ್ದೆ. ಲಾರಿ ಬರ್ದೇ ಇರ್ಲಿ ಅಂತ."

ಕಲ್ಯಾಣಿ ಗಂಡನನ್ನು ನೋಡಿದರು. ಗಂಗರಾಜು ಗಡಿಬಿಡಿಯಿಂದ ಗೇಟು ಅಳಿಸಿದರು. "ಆಯ್ತು, ತೆಗ್ದೆ. ಹೊಸ ನಕ್ಷೆ ಅವನ ಫೋನಿಗೆ ಬಂದ್ಬಿಡುತ್ತೆ."

"ಯಾವಾಗ?"

"ಮುಂದಿನ ತಿಂಗಳು."

"ಅಲ್ಲೀವರೆಗೂ ನಿಮ್ಮಕ್ಕ ಕಾಲುವೆ ಪಕ್ಕ ಕೂತಿರ್ತಾರಾ?" ಕಲ್ಯಾಣಿ ಫೋನು ಕಿತ್ತುಕೊಂಡರು. "ಸಿದ್ಧಾರ್ಥ, ಆ ಮ್ಯಾಪ್ ಆಫ್ ಮಾಡಪ್ಪ. ಟೊಮೆಟೊ ಮಾರ್ಕೆಟ್ ಮುಂದಕ್ಕೆ ಹೋಗಿ, ಹೊರಡೋ ಲಾರಿ ಹಿಂದೆ ಬಿದ್ದು ಬಾ. ಎಲ್ಲಾ ನಮ್ಮ ಬೀದಿಗೇ ಬರ್ತವೆ. ಅಕ್ಕಾ, ಕೈ ಮುಗೀತೀನಿ, ಬಿಸಿ ಮುದ್ದೆ ಕಟ್ತಾ ಇದೀನಿ, ಬಂದ್ಬಿಡಿ."

ಟೊಮೆಟೊ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಬೀದಿಗೆ ನುಗ್ಗಿತು. ಅದರ ಬೆನ್ನಿಗೆ ಪೆದ್ದಮ್ಮನ ಕಾರು. ಗಂಗರಾಜು ಜೀವನದಲ್ಲಿ ಮೊದಲ ಸಲ ಒಂದು ಲಾರಿಗೆ ನಮಸ್ಕಾರ ಮಾಡಿದರು.

ಪೆದ್ದಮ್ಮ ತಮ್ಮನ ಕಡೆ ತಿರುಗದೆ ಒಳಗೆ ಬಂದು, ಎರಡು ಮುದ್ದೆ ಉಂಡು, ಕೈ ತೊಳೆದು ಕೂತರು. ಆಮೇಲೆ ಬಾಯಿಬಿಟ್ಟರು.

"ನನ್ನ ಮರಕ್ಕೆ ಒಂದು ಗೇಣು ಬರಿಯೋ ಅಂದ್ರೆ ನಕ್ಷೇಲಿ ಸುಳ್ಳು ಬರೆಯಲ್ಲ ಅಂದೆ. ಲಾರಿಗೆ ಬರೀಬಹುದಾ?"

"ಅದು ಸರ್ಕಾರಿ ನಕ್ಷೆ ಅಕ್ಕ. ಇದು ಹಂಗಲ್ಲ. ಓಪನ್ ಸೋರ್ಸು. ಯಾರು ಬೇಕಾದ್ರೂ ಬರೀಬಹುದು."

"ಯಾರು ಬೇಕಾದ್ರೂನಾ?"

"ಯಾರು ಬೇಕಾದ್ರೂ," ಎಂದರು ಗಂಗರಾಜು, ತತ್ವದ ಮಾತು ಬಂದರೆ ತಡೆದುಕೊಳ್ಳಲಾಗದೆ.

ಪೆದ್ದಮ್ಮ ಮಗನ ಕಡೆ ತಿರುಗಿದರು. "ಸಿದ್ಧಾರ್ಥ, ಫೋನ್ ತಗೋ. ನಮ್ಮ ಹುಣಸೆಮರ ಬರಿ."

ಮುಂದಿನ ತಿಂಗಳು ಹೊಸ ನಕ್ಷೆ ಬಂತು. ಚಿಂತಾಮಣಿಯಲ್ಲಿ ಗೇಟು ಹೋಗಿತ್ತು. ತೊಂಡೇಬಾವಿಯ ಬಯಲಿನಲ್ಲಿ 'ಪೆದ್ದಮ್ಮನವರ ಹುಣಸೆಮರ' ಹುಟ್ಟಿತ್ತು. ಗಂಗರಾಜು ಕನ್ನಡಕ ಒರೆಸಿ, ನಕ್ಷೆ ಹಿಗ್ಗಿಸಿ ನೋಡಿದರು. ಮರ ಪೆದ್ದಮ್ಮನ ಹೊಲದೊಳಗೆ ಗೇಣಲ್ಲ, ಹತ್ತು ಮಾರು ಒಳಗೆ ನಿಂತಿತ್ತು. ಅವರ ಬೆರಳು ತಾನಾಗಿಯೇ ತಿದ್ದುವ ಗುರುತಿನ ಕಡೆ ಹೋಯಿತು.

"ಯುಗಾದಿಗೆ ಅಕ್ಕ ಬರ್ತೀನಿ ಅಂದಿದಾರೆ," ಎಂದರು ಹಿಂದೆ ನಿಂತಿದ್ದ ಕಲ್ಯಾಣಿ. "ಬೆರಳು ತೆಗೀರಿ."

ಸರ್ವೇಯರ್ ಬೆರಳು ತೆಗೆದರು.