ತೀರಿಕೊಳ್ಳದೆ ನಮ್ಮ ಪತ್ರಿಕೆಯ ಮಾನ ಕಳೆದ ಕೊಳಾಲದ ಗೂಳಪ್ಪನವರಿಗೆ

ಕೊಳಾಲ ಹೋಬಳಿಯ ಸಮಸ್ತ ರಾಗಿ ಹೊಲಗಳ ಒಡೆಯರೂ, ಸಂತೆಯಲ್ಲಿ ಸೊಪ್ಪಿನ ಗುಡ್ಡೆಗೆ ಬಾಯಿ ಹಾಕಿಯೂ ಬೈಗುಳದ ಬದಲು ಕೈಮುಗಿಸಿಕೊಳ್ಳುವ ಏಕೈಕ ಗಣ್ಯರೂ, ದೇವರ ಹೆಸರಿನಲ್ಲಿ ಬಿಟ್ಟ ಗೂಳಿಯೂ ಆದ ಶ್ರೀ ಗೂಳಪ್ಪನವರ ನಾಲ್ಕೂ ಪಾದಗಳಿಗೆ ಮಧುಗಿರಿಯಿಂದ ಯೋಗೀಶನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ. ನನ್ನ ದೂರು ಇರುವುದೇ ಅದರ ಬಗ್ಗೆ.

ನಾನು 'ನಾಕೂರ ವಾರ್ತೆ' ಎಂಬ ಆನ್‌ಲೈನ್ ಪತ್ರಿಕೆಯ ಸಂಪಾದಕ, ವರದಿಗಾರ, ಜಾಹೀರಾತು ವಿಭಾಗದ ಮುಖ್ಯಸ್ಥ ಮತ್ತು ಕಚೇರಿಯ ಕಸ ಗುಡಿಸುವವನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಯಾವ ಊರಿನ ಬೋರ್‌ವೆಲ್ ಕೆಟ್ಟಿದೆ, ಎಲ್ಲಿ ಕರೆಂಟು ತೆಗೆಯುತ್ತಾರೆ, ಯಾವ ಶಾಲೆಗೆ ಮೇಷ್ಟ್ರು ಬಂದಿಲ್ಲ ಎಂಬುದನ್ನೆಲ್ಲ ಬೆಟ್ಟದ ಬುಡದ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಬಂಡೆಯ ಕಾವಿಗೆ ಬೇಯುತ್ತ ಕೂತು ಬರೆದು, ವಾಟ್ಸ್ಯಾಪ್ ಗುಂಪುಗಳಿಗೆ ಹಂಚುತ್ತೇನೆ. ದೊಡ್ಡ ಪತ್ರಿಕೆಗಳಿಗೆ ನಮ್ಮೂರುಗಳು ಕಾಣುವುದು ಚುನಾವಣೆ ಬಂದಾಗ ಮಾತ್ರ. ನಮ್ಮ ಸುದ್ದಿ ನಾವೇ ಬರೆಯದಿದ್ದರೆ ಇನ್ಯಾರು ಬರೆದಾರು ಎಂಬ ಹುಚ್ಚು ನನ್ನದು. ಜನ ನಂಬುತ್ತಿದ್ದರು ಸ್ವಾಮಿ. 'ಯೋಗೀಶ ಹಾಕವ್ನೆ ಅಂದ್ರೆ ಸುಳ್ಳಿರಕಿಲ್ಲ ಬುಡು' ಎನ್ನುತ್ತಿದ್ದರು. ನನಗಿದ್ದ ಆಸ್ತಿ ಅದೊಂದೇ.

ಹೀಗಿರಲಾಗಿ, ಕಳೆದ ತಿಂಗಳ ಒಂದು ಸೋಮವಾರ ತಾವು ಕೆರೆ ಏರಿಯ ಮೇಲೆ ಎಳೆಬಿಸಿಲಿಗೆ ಮೈಯೊಡ್ಡಿ, ನಾಲ್ಕೂ ಕಾಲು ನೀಡಿ, ನಾಲಿಗೆಯನ್ನು ಒಂದು ಪಕ್ಕಕ್ಕೆ ಬಿಟ್ಟು ನಿದ್ದೆ ಹೊಡೆದಿರಿ. ಸೋಮವಾರ ತಾವು ಎಲ್ಲಿದ್ದರೂ ಹುಡುಕಿಕೊಂಡು ಬಂದು ಪೂಜೆ ಮಾಡುವುದು ಚಿಕ್ಕಹನುಮಕ್ಕನವರ ಹರಕೆಯಂತೆ. ಆ ತಾಯಿ ತಮ್ಮನ್ನು ಎಬ್ಬಿಸಬಾರದೆಂದು ಮಲಗಿದ್ದಂತೆಯೇ ಹಾರ ಹಾಕಿ, ಹಣೆಗೆ ಕುಂಕುಮವಿಟ್ಟು, ತಲೆಯ ಬಳಿ ಊದುಬತ್ತಿ ಹಚ್ಚಿ, ಕಾಯಿ ಒಡೆದರು. ಅಲ್ಲೇ ಟೀ ಅಂಗಡಿ ಇಟ್ಟುಕೊಂಡು ಬಿಡುವಾದಾಗ ನಮ್ಮ ವರದಿಗಾರನೂ ಆಗುವ ದಾಸಣ್ಣ ಅದರ ಫೋಟೊ ತೆಗೆದು ಕಳಿಸಿದ. ನೆಟ್‌ವರ್ಕ್ ಕೃಪೆಯಿಂದ ಫೋಟೊ ಬಂತು, ಜೊತೆಗಿದ್ದ ವಿವರ ಬರಲಿಲ್ಲ.

ಮಾನ್ಯರೇ, ದೇವರ ಗೂಳಿಗೆ ಬದುಕಿದ್ದಾಗ ಮಾಡುವ ಪೂಜೆಗೂ ಸತ್ತಾಗ ಮಾಡುವ ಪೂಜೆಗೂ ಫೋಟೊದಲ್ಲಿ ಏನು ವ್ಯತ್ಯಾಸ ಕಂಡೀತು, ತಾವೇ ಹೇಳಿ. ಬೇರೆ ಯಾರಾದರೂ ಮೊದಲು ಹಾಕಿಬಿಟ್ಟಾರೆಂಬ ಆತುರದಲ್ಲಿ ನಾನು 'ಕೊಳಾಲದ ಗೂಳಪ್ಪ ಇನ್ನಿಲ್ಲ: ಕಣ್ಣೀರಿಟ್ಟ ಭಕ್ತಸಾಗರ' ಎಂದು ಹಾಕಿಬಿಟ್ಟೆ. ಸಾಗರವನ್ನು ನಾನೇ ಸೇರಿಸಿದ್ದು.

ಆಮೇಲೆ ನಡೆದದ್ದು ತಮಗೆ ಗೊತ್ತಿಲ್ಲ, ಏಕೆಂದರೆ ತಾವು ನಿದ್ದೆ ತಿಳಿದೆದ್ದು ಯಾರದೋ ರಾಗಿ ಹೊಲ ಹೊಕ್ಕಿದ್ದಿರಿ. ಕೊಳಾಲದಲ್ಲಿ ಅಂಗಡಿಗಳು ಮುಚ್ಚಿದವು. ಬೆಳಗ್ಗೆ ತಮಗೆ ಬಾಳೆಹಣ್ಣು ತಿನ್ನಿಸಿದವರೇ ಮೊಬೈಲು ನೋಡಿ ಬಾಯಿ ಬಡಿದುಕೊಂಡರು. ಫೋಟೊ ತೆಗೆದ ದಾಸಣ್ಣನೇ 'ಪೇಪರ್ನಾಗೇ ಬಂದೈತಲ್ಲಣ್ಣ' ಎಂದು ಅಳುತ್ತ ಟೀ ಪಾತ್ರೆ ಮಗುಚಿಟ್ಟ. ಶಿರಾದಿಂದ ಸೇವಂತಿಗೆ ಮೂಟೆ ಬಂತು, ಪಾವಗಡದ ಕಡೆಯಿಂದ 'ಅಯ್ಯೋ, ಸ್ವಾಮಿ ಪೋಯಿನಾಡೇ' ಎಂದು ತೆಲುಗಿನಲ್ಲಿ ಗೋಳಾಡುತ್ತ ತಮಟೆಯವರ ಟ್ರಾಕ್ಟರು ಬಂತು, ಜೆಸಿಬಿ ಬಂದು ಗುಂಡಿ ತೋಡಿತು. ಎಲ್ಲ ಸಿದ್ಧವಾದ ಮೇಲೆ ಹೆಣವೆಲ್ಲಿ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ತಾವೇ ನಡೆದು ಬಂದು, ಗುಂಡಿಯನ್ನು ಮೂಸಿ ನೋಡಿ, ಅಂತಿಮ ದರ್ಶನಕ್ಕೆ ತಂದಿದ್ದ ಸೇವಂತಿಗೆಯನ್ನು ಪೂರ್ತಿ ತಿಂದಿರಿ. ಅರ್ಧ ಜನ ಪವಾಡವೆಂದು ಅಡ್ಡಬಿದ್ದರು, ಉಳಿದರ್ಧ ನನಗೆ ಫೋನು ಮಾಡಿದರು. ಅವರು ಹೇಳಿದ್ದನ್ನು ತಮ್ಮಂಥ ಪೂಜ್ಯರಿಗೆ ಬರೆಯಲಾರೆ.

ತಿದ್ದುಪಡಿ ಹಾಕಿದೆ. ಅದನ್ನು ಓದಿದವರು ನಾನು ಮತ್ತು ನನ್ನ ಹೆಂಡತಿ ಚಿತ್ರಾ. ಅವಳೂ ನಾನು ಪಕ್ಕದಲ್ಲಿ ಕೂತು ಕಾಡಿದ್ದಕ್ಕೆ ಓದಿದಳು. ಅಂದಿನಿಂದ ನಾನು ಬರೆದದ್ದರ ಉಲ್ಟಾ ನಿಜವೆಂದು ಜನ ತೀರ್ಮಾನಿಸಿದ್ದಾರೆ. ಮೊನ್ನೆ ಮಧುಗಿರಿಯಿಂದ ಕೊಳಾಲಕ್ಕೆ ಸಂಜೆ ಹೋಗುವ ಖಾಸಗಿ ಬಸ್ಸು ಇನ್ನು ಓಡುವುದಿಲ್ಲವೆಂದು, ಮಾಲೀಕರನ್ನೇ ಕೇಳಿ, ಬರೆದೆ. 'ಅವ್ನು ಇಲ್ಲ ಅಂದವ್ನೆ, ಹಂಗಾರೆ ಬಸ್ಸು ಬತ್ತದೆ ಕಣಮ್ಮ' ಎಂದು ಕಾಲೇಜಿನ ಹುಡುಗಿಯರಿಂದ ಹಿಡಿದು ಕೋರ್ಟಿಗೆ ಬಂದ ಕಕ್ಷಿದಾರರವರೆಗೆ ಎಲ್ಲರೂ ಕತ್ತಲಾಗುವ ತನಕ ಬಸ್‌ಸ್ಟಾಂಡಿನಲ್ಲಿ ಕಾದು, ಕೊನೆಗೆ ಟೊಮೇಟೊ ಸಾಗಿಸುವ ಗಾಡಿಯಲ್ಲಿ ಊರು ಸೇರಿದರು. ಮರುದಿನ ಬಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು, ನಿಜ ಬರೆಯೋದಾದ್ರೆ ಮೊದ್ಲೇ ಹೇಳ್ಬಾರ್ದಾ ಎಂದು. ಹೊಟ್ಟೆ ಉರಿಯುತ್ತದೆ ಗೂಳಪ್ಪನವರೇ. ಆ ಹುಡುಗಿಯರಿಗೆ ಉಪಯೋಗವಾಗಲೆಂದೇ ಅಲ್ಲವೇ ನಾನು ಪತ್ರಿಕೆ ಮಾಡಿದ್ದು.

ಆದ್ದರಿಂದ ತಮ್ಮಲ್ಲಿ ವಿನಂತಿ ಏನೆಂದರೆ, ಇನ್ನು ಮುಂದೆ ಮಲಗುವಾಗ ಕಾಲು ಮಡಚಿ, ನಾಲಿಗೆ ಒಳಗಿಟ್ಟು ಮಲಗತಕ್ಕದ್ದು. ಅದು ಸಾಧ್ಯವಾಗದಿದ್ದಲ್ಲಿ ಫೋಟೊ ತೆಗೆಯುವಾಗ ಬಾಲವನ್ನಾದರೂ ಆಡಿಸತಕ್ಕದ್ದು. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಹೋಗಿ ತೋರಿಸಿಕೊಳ್ಳುವಂತೆ ತಾವೂ ಮಧುಗಿರಿಗೆ ದಯಮಾಡಿಸಿ, ನಮ್ಮ ಕಚೇರಿಯ ಮೆಟ್ಟಿಲ ಬಳಿ ನಿಂತು, ಅಂದಿನ ಸುದ್ದಿ ಕಾಣುವಂತೆ ನನ್ನ ಮೊಬೈಲನ್ನು ಬಾಯಲ್ಲಿ ಹಿಡಿದು, ಅಗಿಯದೆ, ಒಂದು ಫೋಟೊ ಕೊಡಬೇಕು. ತಮ್ಮ ಮಾತನ್ನು ನಾಲ್ಕು ತಾಲ್ಲೂಕೂ ನಂಬುತ್ತದೆ. ಮಾತೇ ಆಡದಿರುವುದರಿಂದ ಇರಬೇಕು.

ತಮ್ಮ ಆಯುಸ್ಸು ನೂರಾಗಲಿ ಎಂದು, ತಮಗಿಂತ ಹೆಚ್ಚಾಗಿ ನನಗೋಸ್ಕರ, ಹಾರೈಸುತ್ತ,

ತಮ್ಮ ವಿಶ್ವಾಸಿ (ಓದುಗರ ವಿಶ್ವಾಸ ಕಳೆದುಕೊಂಡ ಮೇಲೆ ಉಳಿದಿರುವುದು ಇಷ್ಟೇ),
ಯೋಗೀಶ
ಸಂಪಾದಕ, 'ನಾಕೂರ ವಾರ್ತೆ', ಮಧುಗಿರಿ

ತಾ.ಕ.: ಪತ್ರವನ್ನು ಪತ್ರಿಕೆಗೆ ಹಾಕಿ ಟೀ ಕುಡಿದು ಬರುವಷ್ಟರಲ್ಲಿ ತೋವಿನಕೆರೆಯ ಓದುಗರೊಬ್ಬರ ಕಾಮೆಂಟು ಬಂದಿದೆ: 'ಗೂಳಪ್ಪ ಬದುಕವ್ನೆ ಅಂತ ಯೋಗೀಶಣ್ಣ ಬರೆದವ್ರೆ. ಪಾಪ, ಯಾವಾಗ ಹೋದನೋ.' ಅದಕ್ಕೆ ಕೈಮುಗಿದವರು ಆಗಲೇ ನೂರು ದಾಟಿದ್ದಾರೆ, ಎರಡು ಟ್ರಾಕ್ಟರು ಹಾರ ಹೇರಿಕೊಂಡು ಹೊರಟಿವೆಯಂತೆ. ಅವರು ಬಂದಾಗ ದಯವಿಟ್ಟು ಎದ್ದು ನಿಂತಿರಿ.