ಬಚ್ಚಲ ಪಕ್ಕದ ಮಹಾದ್ವಾರ

ಯೋಗರಾಜ್ ಅವರ ಮನೆ ದಕ್ಷಿಣಕ್ಕೆ ಮುಖ ಮಾಡಿ ನಿಂತದ್ದು ಅವರ ತಪ್ಪಲ್ಲ. ವಿದ್ಯಾನಗರದಲ್ಲಿ ಸೈಟು ಸಿಕ್ಕಿದಾಗಲೇ ರಸ್ತೆ ಆ ಕಡೆಗಿತ್ತು. ರಸ್ತೆಯನ್ನು ಎತ್ತಿ ಪೂರ್ವಕ್ಕಿಡಲು ಅವರೇನು ಮುನಿಸಿಪಾಲಿಟಿಯೇ? ಆದರೆ ಮಹಡಿ ಮನೆ ಖಾಲಿಯಾದ ಮೇಲೆ ಬಾಡಿಗೆಗೆ ಕೇಳಿಕೊಂಡು ಬಂದವರೆಲ್ಲ ಗೇಟಿನಲ್ಲೇ ನಿಂತು, ಸೂರ್ಯನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿ, "ಓ, ಸೌತ್ ಫೇಸಿಂಗಾ?" ಎಂದು ಯಮಲೋಕದ ವಿಳಾಸ ಓದಿದವರಂತೆ ಹಿಂದೆ ಸರಿಯುತ್ತಿದ್ದರು.

ಹೋಗಲಿ ಬಿಡಿ, ನಾಲ್ಕು ಕಾಸಿನ ಬಾಡಿಗೆ ತಾನೇ ಎಂದು ನೀವು ಸಮಾಧಾನ ಹೇಳಬಹುದು. ಬಾಡಿಗೆಯ ಚಿಂತೆ ಯಾರಿಗಿತ್ತು! ಚಿಂತೆಯ ಹೆಸರು ಮುರುಗೇಶಪ್ಪ. ಹೆಂಡತಿ ಯಶೋಧರಾಳ ಅಣ್ಣ. ಮದುವೆಯಾಗದೆ ಭದ್ರಾವತಿಯ ಫ್ಯಾಕ್ಟರಿಯನ್ನೇ ಕಟ್ಟಿಕೊಂಡ ಫೋರ್‌ಮನ್. ಜೀವಮಾನವಿಡೀ ಯಂತ್ರಗಳ ಸದ್ದನ್ನು ಮೀರಿಸಿ ಮಾತಾಡಿದ್ದರಿಂದ, ಊಟದ ಮಧ್ಯೆ "ಉಪ್ಪು ಹಾಕಮ್ಮ" ಎಂದರೂ ಬೀದಿಯ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಸೈರನ್ ಇಲ್ಲದ ಊರಿನಲ್ಲೂ ಸೈರನ್ ಹೊತ್ತಿಗೆ ಏಳುವವರು. ಎದ್ದು ಸುಮ್ಮನೆ ಕೂರದೆ ಏನಾದರೊಂದನ್ನು ಬಿಚ್ಚುವವರು. ಕಳೆದ ಯುಗಾದಿಗೆ ಬಂದಾಗ "ಸೌಂಡ್ ಸರಿ ಇಲ್ಲ" ಎಂದು ಮಿಕ್ಸಿಯನ್ನು ಬಿಚ್ಚಿ ಜೋಡಿಸಿದ್ದರು. ಅಂದಿನಿಂದ ಅದು ಬೆನ್ನ ಮೇಲೆ ಏಟು ಬೀಳದೆ ತಿರುಗುತ್ತಿರಲಿಲ್ಲ.

"ಅಣ್ಣ ರಿಟೈರ್ ಆಗ್ತಾನೆ, ಕ್ವಾರ್ಟರ್ಸ್ ಬಿಡ್ಬೇಕಂತೆ. ನಮ್ಮ ಮಹಡಿ ಹೆಂಗಿದ್ರೂ ಖಾಲಿ ಇದೆಯಲ್ಲ," ಎಂದು ಯಶೋಧರಾ ಒಂದು ದಿನ ಹೇಳಿದ್ದಳು. ಆಮೇಲೆ ಆ ಮಾತೇ ಎತ್ತಲಿಲ್ಲ. ಕೇಳಿದರೆ ಮುಖ ಊದಿಸಿಕೊಂಡು ಒಳಗೆ ಹೋಗುತ್ತಿದ್ದಳು. ಹೆಂಡತಿ ಚರ್ಚೆ ನಿಲ್ಲಿಸಿದಳೆಂದರೆ ತೀರ್ಮಾನ ಆಗಿಹೋಗಿದೆ ಎಂದೇ ಅರ್ಥ (ಮದುವೆಯಾದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ). ಭಾವನ ಸಾಮಾನು ಲಾರಿ ಹತ್ತುವ ಮೊದಲು ಮಹಡಿಗೆ ಯಾರನ್ನಾದರೂ ತುಂಬಿಯೇ ತೀರುವುದೆಂದು ಯೋಗರಾಜ್ ಪಣ ತೊಟ್ಟರು.

ಕಂಪ್ಯೂಟರಿನಲ್ಲಿ ಮನೆ ಬಾಡಿಗೆಗೆ ಹಾಕುವ ಕಾಲ ಆಗಷ್ಟೇ ಶಿವಮೊಗ್ಗಕ್ಕೆ ಬಂದಿತ್ತು. ರಿಜ್ವಾನನ ಸೈಬರ್ ಸೆಂಟರಿನಲ್ಲಿ ವಿವರ ತುಂಬಿಸಿ, ಫೋಟೋ ಏರಿಸಿದ್ದಾಯಿತು. ಕೊನೆಗೆ ಪರದೆಯ ಮೇಲೆ ಭೂಪಟ ತೆರೆದುಕೊಂಡಿತು. ಮನೆ ಇರುವ ಜಾಗದಲ್ಲಿ ಒಂದು ಕೆಂಪು ಗುರುತು ಇಡಬೇಕು. ಯೋಗರಾಜ್ ಮೌಸನ್ನು ಅಂಜುತ್ತಂಜುತ್ತ ಹಿಡಿದರು. ಮೊದಲ ಸಲ ಗುರುತು ತುಂಗೆಯ ನಡುನೀರಿಗೆ ಬಿತ್ತು. ಎರಡನೇ ಸಲ ಸೋಗಾನೆಗೆ ಹಾರಿತು.

"ಸಾರ್, ಅಲ್ಲಿ ಬರೀ ಹೊಲ. ಯಾರು ಬಾಡಿಗೆಗೆ ಬರ್ತಾರೆ?" ಎಂದು ರಿಜ್ವಾನ್ ಮೌಸನ್ನು ತಾನೇ ತೆಗೆದುಕೊಂಡು ಗುರುತನ್ನು ವಿದ್ಯಾನಗರಕ್ಕೆ ಎಳೆದು ತಂದ.

ಆಗಲೇ ಯೋಗರಾಜರಿಗೆ ಜ್ಞಾನೋದಯವಾದದ್ದು. ಮನೆಯ ಪಕ್ಕಕ್ಕೆ ಒಂದು ಓಣಿ. ಓಣಿಗೆ ಒಂದು ಪುಟ್ಟ ಗೇಟು, ಒಳಗೆ ಬಚ್ಚಲು, ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕದಲ್ಲೇ ಮಹಡಿಗೆ ಹತ್ತುವ ಇನ್ನೊಂದು ಮೆಟ್ಟಿಲು. ಮೇಲೆ ಆ ಕಡೆಗೂ ಒಂದು ಬಾಗಿಲು. ಅದರ ಮುಖ ಅಪ್ಪಟ ಪೂರ್ವಕ್ಕೆ!

"ರಿಜ್ವಾನ್, ಗುರುತನ್ನ ಇನ್ನೊಂಚೂರು ಬಲಕ್ಕೆ ತಳ್ಳು. ಓಣಿ ಮೇಲೆ ಇಡು. ಪೂರ್ವದ ಬಾಗಿಲು ಅಂತ ಬರಿ."

"ಅದು ಬಚ್ಚಲ ಕಡೆ ಅಲ್ವಾ ಸಾರ್?"

"ಇವತ್ತಿಂದ ಅದೇ ಮಹಾದ್ವಾರ."

ಮಹಾದ್ವಾರದ ಸುದ್ದಿ ಕೇಳಿ ಯಶೋಧರಾ ಸೌಟು ಹಿಡಿದೇ ಹೊರಗೆ ಬಂದಳು. "ಬಚ್ಚಲ ಪಕ್ಕ ತೋರಣ ಕಟ್ಟೋದಾ? ನಿಮ್ಗೆ ತಲೆ ನೆಟ್ಟಗಿದೆಯೇನ್ರೀ?"

"ಸೂರ್ಯನಾರಾಯಣ ನೇರವಾಗಿ ಒಳಗೆ ಬರ್ತಾನೆ ಮಾರಾಯ್ತಿ."

"ಬರ್ಲಿ. ಬಂದವನು ನಾಲ್ಕು ಪಾತ್ರೆ ತೊಳ್ಕೊಡ್ಲಿ."

ಬೈದರೂ ಬೆಳಗಾದರೆ ಓಣಿ ಗೇಟಿಗೂ ರಂಗೋಲಿ ಬಿತ್ತು. ಆ ಭಾನುವಾರವೇ ಒಂದು ಸಂಸಾರ ಆಟೋದಲ್ಲಿ ಬಂದಿಳಿಯಿತು. ಗೇಟಿನ ಸದ್ದು ಕೇಳಿದ್ದೇ ತಡ, ಎಣ್ಣೆ ಸ್ನಾನಕ್ಕೆ ಕೂತಿದ್ದ ಯೋಗರಾಜ್ ಗಿರಾಕಿ ತಪ್ಪಿಹೋದೀತೆಂಬ ಆತುರದಲ್ಲಿ ಟವಲು ಸುತ್ತಿಕೊಂಡು, ಕಣ್ಣಲ್ಲಿ ಸೀಗೆಪುಡಿ ಸಮೇತ ಹೊರಬಂದು "ಬನ್ನಿ, ಬನ್ನಿ, ಒಳಗೆ ಬನ್ನಿ!" ಎಂದು ಕೈ ಚಾಚಿದರು. ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ಆಟೋ ಓಣಿಯ ತುದಿ ದಾಟಿತ್ತು.

ಮುಂದಿನ ಭಾನುವಾರ ಅವರು ಬೆಳಿಗ್ಗೆಯೇ ಸ್ನಾನ ಮುಗಿಸಿ, ಇಸ್ತ್ರಿ ಅಂಗಿ ತೊಟ್ಟು, ಒಗೆಯುವ ಕಲ್ಲಿನ ಮೇಲೆ ಸಿಂಹಾಸನಾರೂಢರಾದರು.

"ಮನೇಲಿ ಯಾರಿದೀರಿ?"

ಬೀದಿಯ ನಾಯಿಗಳು ಎದ್ದು ನಿಂತವು. ಯೋಗರಾಜರೂ ಎದ್ದು ನಿಂತರು. ಗೇಟಿನಾಚೆ ಕೈಯಲ್ಲೊಂದು ಪ್ರಿಂಟ್ ಹಾಳೆ ಹಿಡಿದು ಮುರುಗೇಶಪ್ಪ ನಿಂತಿದ್ದರು.

"ಅರೆ, ಭಾವ! ನೀವೂ ಮನೆ ನೋಡೋಕೆ ಬಂದ್ರಾ?"

"ಇದು... ನಮ್ಮನೇನೇ, ಭಾವ."

"ಈ ಓಣಿ ಕಡೆ ನಾನ್ಯಾವತ್ತೂ ಬಂದಿಲ್ಲ. ನಿಮ್ಮನೆ ದಕ್ಷಿಣದ ಬಾಗಿಲಲ್ವಾ? ಅದು ನನ್ನ ಜಾತಕಕ್ಕೆ ಆಗಲ್ಲ, ನಾನು ಬರಲ್ಲ ಅಂತ ಯಶೋಧರಾಗೆ ಅವತ್ತೇ ಹೇಳ್ಬಿಟ್ಟಿದ್ದೆ. ಪೂರ್ವದ್ದು ಬೇಕು ಅಂತ ಭದ್ರಾವತಿ ಸೈಬರಲ್ಲಿ ಹುಡುಕಿಸಿದ್ರೆ ಇದೊಂದೇ ಬಂತು ನೋಡಿ!"

ಯೋಗರಾಜ್ ಆ ಪ್ರಿಂಟ್ ಹಾಳೆಯನ್ನು ಕಿತ್ತುಕೊಂಡು ನೋಡಿದರು. ಅಂದರೆ ಭಾವ ಬರುವವರೇ ಆಗಿರಲಿಲ್ಲ! ಯಶೋಧರಾ ಮುಖ ಊದಿಸಿಕೊಂಡಿದ್ದು ಅಣ್ಣ ಬರುತ್ತಾನೆಂದಲ್ಲ, ಬರುವುದಿಲ್ಲವೆಂದು! ಆ ದಕ್ಷಿಣದ ಬಾಗಿಲು ಇಷ್ಟು ದಿನ ಕೋಟೆಯಂತೆ ನಿಂತು ಅವರನ್ನು ಕಾಪಾಡಿತ್ತು. ಅವರೇ ಪಕ್ಕದ ಗೇಟು ತೆರೆದು, ರಂಗೋಲಿ ಹಾಕಿಸಿ, ಶತ್ರುವಿಗೆ ದಾರಿಯ ನಕ್ಷೆಯನ್ನೂ ಒದಗಿಸಿದ್ದರು.

"ಭಾವ, ಇದು ದಕ್ಷಿಣದ ಮನೇನೇ!" ಎಂದು ಅಂಗಲಾಚಿದರು. "ಆ ಗುರುತು ನಾನೇ ಸರಿಸಿದ್ದು. ಶುದ್ಧ ಮೋಸ. ನೀವು ಜಾತಕಕ್ಕೆ ವಿರುದ್ಧ ಹೋಗ್ಬೇಡಿ!"

ಮುರುಗೇಶಪ್ಪ ಗೇಟು ತಳ್ಳಿ ಒಳಗೆ ಬಂದು, ಜೇಬಿನಿಂದ ದಿಕ್ಸೂಚಿ ತೆಗೆದು ಒಗೆಯುವ ಕಲ್ಲಿನ ಮೇಲಿಟ್ಟರು. ಅದರ ಸೂಜಿ ಒಂದಿಷ್ಟು ನಡುಗಿ ನಿಂತಿತು. "ಪಕ್ಕಾ ಪೂರ್ವ! ಭಾವನೋರು ತಮಾಷೆ ಮಾಡ್ತಾರೆ."

ಅಷ್ಟರಲ್ಲಿ ಬಾಗಿಲಲ್ಲಿ ಯಶೋಧರಾ. ಕಣ್ಣು ತುಂಬಿ ಬಂದಿತ್ತು.

"ಅಣ್ಣ ಬರಲ್ಲ ಅಂದಿದ್ದನ್ನ ನಾನು ನಿಮ್ಗೆ ಹೇಳೇ ಇರ್ಲಿಲ್ಲ. ನನ್ನ ಮುಖ ನೋಡೇ ತಿಳ್ಕೊಂಡ್ರಾ? ಬಾಯಿಬಿಟ್ಟು ಕರೆದ್ರೆ ಬರಲ್ಲ ಅಂತ ಕಂಪ್ಯೂಟರಲ್ಲಿ ಕರೆಸಿದ್ರಾ? ನಾನು ನಿಮ್ಮನ್ನ ಬೈದ್ನಲ್ರೀ!"

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಆಕೆ ಯೋಗರಾಜರನ್ನು ಹಾಗೆ ನೋಡಿದ್ದೇ ಇಲ್ಲ. ನಿಜ ಹೇಳಲು ತೆರೆದ ಬಾಯಿ ಅವರಿಗೆ ತಾನಾಗಿಯೇ ಮುಚ್ಚಿಕೊಂಡಿತು. ಹೆಂಡತಿಯ ಕಣ್ಣಲ್ಲಿ ದೇವರಾದವನು ಆ ಪಟ್ಟದಿಂದ ತಾನಾಗಿ ಇಳಿಯುವುದು ಹೇಗೆ? ಅವರು ನಾಚಿಕೊಂಡವರಂತೆ ತಲೆ ತಗ್ಗಿಸಿದರು.

"ಹೋಳಿಗೆ ಮಾಡ್ಲಾ?" ಎಂದಳು ಯಶೋಧರಾ.

"ಮಾಡು," ಎಂದರು ಯೋಗರಾಜ್. ಅಷ್ಟಾದರೂ ಸಿಗಲಿ.

ಅಷ್ಟರಲ್ಲಿ ಬಚ್ಚಲಿನಿಂದ ಠಣ್ ಠಣ್ ಎಂದು ಸದ್ದಾಯಿತು. ಹಿಂದೆಯೇ ನೀರು ಭೋರೆಂದು ಸುರಿಯತೊಡಗಿತು. ಅದೆರಡನ್ನೂ ಮೀರಿಸಿ ಫೋರ್‌ಮನ್ ಕಂಠ ಕೇಳಿಸಿತು.

"ಭಾವ! ಈ ನಲ್ಲಿ ಸೌಂಡ್ ಸರಿ ಇರ್ಲಿಲ್ಲ. ಬಿಚ್ಚಿದೀನಿ!"